ಮರದ ತೂತು: ಕೊರೆದವರು ಯಾರು, ಈಗ ಒಳಗಿರುವವರು ಯಾರು?

ಗೆದ್ದಲಿನ ಬಗ್ಗೆ ಹಿಂದೊಮ್ಮೆ ಈ ಪುಟದಲ್ಲಿ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮರದ ತೂತಿನ ಪ್ರಶ್ನೆಗಳೇ ಜಾಸ್ತಿ, ಅದರಲ್ಲೂ ಮಂಜೇಶ್ವರದಿಂದ ಹೊಸದುರ್ಗದ ತನಕ ನಮ್ಮ ಕಾಸರಗೋಡು ಜಿಲ್ಲೆಯವರದ್ದೇ. ಹಾಗಾಗಿ ಈ ಸಲ ಪೂರ್ತಿ ಪುಟ ಅದಕ್ಕೇ ಇಡುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೂತು ಕಂಡ ಕೂಡಲೇ ಔಷಧಿ ಸುರಿಯಬೇಡಿ. ತೂತು ಎಷ್ಟು ದೊಡ್ಡದು ನೋಡಿ, ಕೆಳಗೆ ಬಿದ್ದ ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಬಿಸಿಲಿರುವ ಹೊತ್ತಿನಲ್ಲಿ ಸ್ವಲ್ಪ ಕೂತು ಅದರೊಳಗೆ ಯಾರು ಹೋಗುತ್ತಾರೆ ಬರುತ್ತಾರೆ ಅಂತ ನೋಡಿ. ಕೊರೆದ ಹುಳು ಎಷ್ಟೋ ಸಲ ಯಾವಾಗಲೋ ಹಾರಿ ಹೋಗಿರುತ್ತದೆ, ನೀವು ಸುರಿದ ಔಷಧಿಗೆ ಸಾಯುವುದು ಮತ್ಯಾರೋ.

ಪ್ರಶ್ನೆ: ಮಾಷ್ಟ್ರೇ, ಮಗಳ ಮದುವೆಗೆ ಅಂತ ರಬ್ಬರ್ ಮರದ ಮಂಚ ತಂದಿದ್ದೆವು. ಈಗ ದಿನಾ ಬೆಳಿಗ್ಗೆ ಗುಡಿಸುವಾಗ ಕಾಲಿನ ಬುಡದಲ್ಲಿ ಬಿಳಿ ಹುಡಿ ಬಿದ್ದಿರುತ್ತದೆ, ಸಣ್ಣ ಸಣ್ಣ ತೂತುಗಳೂ ಇವೆ. ಟ್ರೀಟ್ ಮಾಡಿದ ಮರ ಅಂತ ಅಂಗಡಿಯಲ್ಲಿ ಹೇಳಿದ್ದರು. ಸೀಮೆಎಣ್ಣೆ ಬಿಡಬಹುದಾ? ಮನೆಯ ಮಾಡಿನ ಪಕ್ಕಾಸು, ರೀಪಿಗೂ ಇದು ಹಬ್ಬುತ್ತದಾ ಅಂತ ಹೆದರಿಕೆ.
– ಬದಿಯಡ್ಕದ ಓದುಗರು

ಉತ್ತರ: ಹುಡಿ ಮೈದಾದಷ್ಟು ನುಣುಪು, ತೂತು ಒಂದೆರಡು ಮಿಲಿಮೀಟರ್ ಅಂತಾದರೆ ಅದು ಲಿಕ್ಟಸ್ ಅನ್ನುವ ಜಾತಿಯ ಕುಟ್ಟೆ ಹುಳು, ಅಂದರೆ ಮರವನ್ನು ಹುಡಿ ಮಾಡುವ ಸಣ್ಣ ದುಂಬಿ. ತೂತು ಸ್ವಲ್ಪ ದೊಡ್ಡದಿದ್ದರೆ ಅದರ ಸಂಬಂಧಿ ಸೈನಾಕ್ಸಿಲಾನ್ ಇರಬಹುದು. ರಬ್ಬರ್ ಮರಕ್ಕೆ ಎರಡೂ ಬರುತ್ತವೆ. ಹುಡಿಯ ಬದಲು ಗಸಗಸೆ ಗಾತ್ರದ, ಆರು ಮುಖ ಇರುವ ಗಟ್ಟಿ ಕಾಳುಗಳು ಉದುರುತ್ತಿದ್ದರೆ ಅದು ಕುಟ್ಟೆ ಅಲ್ಲ, ಒಣಮರದ ಗೆದ್ದಲು. ಅದರ ಕಥೆಯೇ ಬೇರೆ.

ರಬ್ಬರಿಗೆ ಯಾಕೆ ಇಷ್ಟು ಬೇಗ ಹಿಡಿಯುತ್ತದೆ? ಈ ಹುಳುವಿಗೆ ಬೇಕಾದದ್ದು ಮರ ಅಲ್ಲ, ಮರದೊಳಗಿನ ಪಿಷ್ಟ. ಹಲಸು, ತೇಗದಂಥ ಮರದ ಒಳಗೆ ಬಣ್ಣದ ಚೇಗು, ಅಂದರೆ ಗಟ್ಟಿ ತಿರುಳು ಇರುತ್ತದೆ, ಅದರಲ್ಲಿ ಪಿಷ್ಟ ಇಲ್ಲ. ರಬ್ಬರಿನಲ್ಲಿ ಹಾಗೆ ಬೇರೆಯಾಗಿ ಕಾಣುವ ಚೇಗೇ ಇಲ್ಲ, ಸುತ್ತಲೂ ಬಿಳಿ ಮರ, ತುಂಬಾ ಪಿಷ್ಟ. ಹೆಣ್ಣು ಹುಳು ಮೊದಲು ಮರವನ್ನು ಕಚ್ಚಿ ರುಚಿ ನೋಡುತ್ತದೆ. ಪಿಷ್ಟ ಇದೆ ಅಂತಾದರೆ ಮರದ ಸಣ್ಣ ಸಣ್ಣ ರಂಧ್ರಗಳೊಳಗೆ ಮೊಟ್ಟೆ ಇಳಿಸುತ್ತದೆ, ಇಲ್ಲದಿದ್ದರೆ ಹೋಗಿಬಿಡುತ್ತದೆ. ಮೊಟ್ಟೆಯಿಂದ ಬಂದ ಮರಿಹುಳು ತಿಂಗಳುಗಟ್ಟಲೆ ಒಳಗೇ ತಿನ್ನುತ್ತಾ ಇರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ರೆಕ್ಕೆ ಬಂದ ಮೇಲೆ ಹೊರಗೆ ಬರುವಾಗ ಕೊರೆಯುತ್ತದಲ್ಲ, ಆ ತೂತನ್ನೇ ನೀವು ಈಗ ನೋಡುತ್ತಿರುವುದು. ಅಂದರೆ ಒಂದು ತೂತು ಅಂದರೆ ಒಂದು ಹುಳು ಆಗಲೇ ಹೋಗಿಯಾಗಿದೆ. ಅದಕ್ಕೇ ತೂತಿಗೆ ಸೀಮೆಎಣ್ಣೆ ಬಿಟ್ಟು ಪ್ರಯೋಜನ ಇಲ್ಲ. ಒಳಗೆ ಉಳಿದ ಮರಿಗಳ ಹತ್ತಿರ ಅದು ಹೋಗುವುದಿಲ್ಲ, ಮಲಗುವ ಮಂಚಕ್ಕೆ ಬೆಂಕಿಯ ಅಪಾಯ ಮಾತ್ರ ಬರುತ್ತದೆ.

ಟ್ರೀಟ್ ಮಾಡುವುದು ಅಂದರೆ ಹೊರಗಿಂದ ಏನೋ ಬಳಿಯುವುದಲ್ಲ. ರಬ್ಬರ್ ಮರ ಕಡಿದ ಮೇಲೆ ದಿನ ಕಳೆಯಲು ಬಿಡದೆ ಸೀಳಬೇಕು, ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರನ್ನು ಒತ್ತಡದಲ್ಲಿ ಮರದೊಳಗೆ ತುಂಬಿಸಬೇಕು, ಆಮೇಲೆ ಒಣಗಿಸಬೇಕು. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ರಬ್ಬರ್ ಮರ ಕೆಡದಂತೆ ಉಳಿಸುವ ಬಗ್ಗೆ ತುಂಬಾ ಕೆಲಸ ಮಾಡಿದೆ. ಸರಿಯಾಗಿ ಮಾಡಿದ ಮರ ಒಳ್ಳೆಯದೇ, ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ದಾರಿಬದಿಯ ಮಿಲ್ಲಿನಲ್ಲಿ ಸೀಳಿ ಸೀದಾ ಪೀಠೋಪಕರಣ ಮಾಡಿದ್ದರ ಬಗ್ಗೆ ಮಾತ್ರ ದೂರು. ಅಂಗಡಿಗೆ ಹೋಗಿ ಕೇಳಿ, ಕೇಳುವ ಹಕ್ಕು ನಿಮಗಿದೆ.

ಈಗ ಮಾಡಬೇಕಾದ್ದು ಏನು? ಹುಳು ಹಿಡಿದದ್ದು ಒಂದು ಕಾಲಿಗೋ ಒಂದು ಅಡ್ಡಪಟ್ಟಿಗೋ ಮಾತ್ರ ಆದರೆ ಅದನ್ನೇ ಬದಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮಂಚವನ್ನು ಮಗುಚಿ ನೋಡಿ. ಮೇಲೆ ಚಂದಕ್ಕೆ ವಾರ್ನಿಶ್ ಹೊಡೆದು ಅಡಿಭಾಗ, ಕೂಡಿಸಿದ ಜಾಗಗಳನ್ನು ಹಾಗೇ ಬಿಟ್ಟಿರುತ್ತಾರೆ. ವಾರ್ನಿಶ್ ಇರುವಲ್ಲಿ ಈ ಹುಳು ಮೊಟ್ಟೆ ಇಡಲಾರದು, ಬರೀ ಮರ ಇರುವಲ್ಲೇ ಇಡುವುದು. ಆ ಜಾಗಗಳಿಗೆ ಮೇಲೆ ಹೇಳಿದ ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣವನ್ನು ಎರಡು ಮೂರು ಸಲ ಬಳಿದು, ಚೆನ್ನಾಗಿ ಒಣಗಿದ ಮೇಲೆ ವಾರ್ನಿಶ್ ಹೊಡೆಯಿರಿ. ಬಳಿಯುವಾಗ ಕೈಗೆ ಗ್ಲೌಸ್ ಇರಲಿ. ಉಳಿದ ದ್ರಾವಣ ಮಕ್ಕಳ ಕೈಗೆ ಸಿಗಬಾರದು, ಹೊಟ್ಟೆಗೆ ಹೋದರೆ ವಿಷ. ಹಳೆಯ ತೂತುಗಳನ್ನು ಮೇಣದಿಂದ ಮುಚ್ಚಿಡಿ, ಆಮೇಲೆ ಹೊಸ ತೂತು ಬಂದರೆ ಕೂಡಲೇ ಗೊತ್ತಾಗುತ್ತದೆ.

ಪಕ್ಕಾಸಿನ ಬಗ್ಗೆ ಹೆದರಬೇಡಿ. ಹಳೆ ಮನೆಯ ಹಲಸು, ಕಿರಾಲುಬೋಗಿಯ ಚೇಗಿಗೆ ಲಿಕ್ಟಸ್ ಬರುವುದಿಲ್ಲ. ಅಂಚಿನಲ್ಲಿ ಬಿಳಿ ಮರ ಬಿಟ್ಟಿದ್ದರೆ ಅಷ್ಟಕ್ಕೆ ಮಾತ್ರ ಬರಬಹುದು, ವರ್ಷ ಕಳೆದ ಹಾಗೆ ಅದರ ಪಿಷ್ಟವೂ ಕಡಿಮೆಯಾಗುತ್ತದೆ. ಸಂಶಯ ಇದ್ದರೆ ಹೊಸದಾಗಿ ಕೊಯ್ದ ತುದಿಗೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿ. ಕಪ್ಪು ನೀಲಿಯಾದರೆ ಪಿಷ್ಟ ಇದೆ.

ಇನ್ನೂ ಒಂದು. ಮಂಚದ ಹತ್ತಿರ ಕಪ್ಪು ಮೈಗೆ ಅಡ್ಡಲಾಗಿ ಬಿಳಿ ಪಟ್ಟಿ ಇರುವ ತೆಳ್ಳಗಿನ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಅದರ ಹೆಸರು ಟಾರ್ಸೊಸ್ಟೆನಸ್, ಕುಟ್ಟೆ ಹುಳುವಿನ ಸುರಂಗಕ್ಕೇ ನುಗ್ಗಿ ಅದನ್ನು ತಿನ್ನುವ ಜಾತಿ. ರಾತ್ರಿ ಮಲಗಿದಾಗ ಮೈಗೆ ಏನೋ ಚುಚ್ಚಿ ತುರಿಸುತ್ತದೆ, ತಿಗಣೆ ಹುಡುಕಿದರೆ ಸಿಗುವುದಿಲ್ಲ ಅಂತಾದರೆ ಅದಕ್ಕೂ ಇದೇ ಕಾರಣ ಇರಬಹುದು. ಕುಟ್ಟೆಯ ಮರಿಗಳನ್ನು ಹುಡುಕಿ ಬರುವ, ಇರುವೆಯ ಹಾಗೇ ಕಾಣುವ ಒಂದು ಪುಟಾಣಿ ಕಣಜ ಇದೆ, ಅದು ಮನುಷ್ಯರನ್ನೂ ಚುಚ್ಚುತ್ತದೆ. ಮರದ ಹುಳು ಹೋದರೆ ಅದೂ ಹೋಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಯಕ್ಷಗಾನದ ವೇಷದ ಪೆಟ್ಟಿಗೆ ಇದೆ. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಹಗುರ ಮರದ್ದು, ಕುಟ್ಟೆ ಹಿಡಿದಿದೆ. ಅಂಟಿಸಿದ ಕನ್ನಡಿ, ಬಣ್ಣದ ಕಾಗದ ಹಾಳಾಗದ ಹಾಗೆ ಉಳಿಸುವ ದಾರಿ ಇದೆಯಾ?
– ಕುಂಬಳೆಯ ಓದುಗರು

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಿಂದ ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ. ದಯವಿಟ್ಟು ಬಿಸಿಲಿಗೆ ಇಡಬೇಡಿ, ಅಂಟು ಬಿಟ್ಟು ಕನ್ನಡಿ ಉದುರುತ್ತದೆ. ಎಣ್ಣೆ, ಸ್ಪ್ರೇ ಕೂಡ ಬೇಡ, ಬಣ್ಣಕ್ಕೆ ಕಲೆ ಹಿಡಿಯುತ್ತದೆ. ಮ್ಯೂಸಿಯಂಗಳಲ್ಲಿ ಇಂಥ ವಸ್ತುಗಳಿಗೆ ಚಳಿಯ ದಾರಿ ಹಿಡಿಯುತ್ತಾರೆ. ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಐಸ್‌ಕ್ರೀಂ ಇಡುವಂಥ ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಎರಡು ವಾರ ಇಡಬೇಕು. ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಅಷ್ಟು ಚಳಿ ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ. ಒಂದು ದಿನ ಹಾಗೇ ಇಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ. ಇಲ್ಲದಿದ್ದರೆ ನಮ್ಮ ಕರಾವಳಿಯ ಗಾಳಿಯಲ್ಲಿ ನೀರು ಕೂತು ಬಣ್ಣ ಎದ್ದುಬಿಡುತ್ತದೆ. ಮರ ಆಗಲೇ ಹುಡಿಯಾಗಿ ಒತ್ತಿದರೆ ಕುಸಿಯುವ ಹಾಗಿದ್ದರೆ ಮಾತ್ರ ಇದನ್ನೂ ಮಾಡಬೇಡಿ, ಹಳೆ ಮರದ ಕೆಲಸ ಬಲ್ಲವರ ಕೈಗೆ ಕೊಡಿ. ಆ ಪೆಟ್ಟಿಗೆಯೂ ಹಗುರ ಮರದ್ದೇ ಆದರೆ ಮೊದಲು ಪೆಟ್ಟಿಗೆಯನ್ನು ಪರೀಕ್ಷೆ ಮಾಡಿ. ಹುಳು ಅಲ್ಲಿಂದಲೇ ಬಂದಿರಬಹುದು.

ಪ್ರಶ್ನೆ: ನಮ್ಮ ಹಳೆ ದನದ ಹಟ್ಟಿಯ ಕಂಬದ ತುಂಬ ತೂತು. ಒಂದು ನೊಣದ ಹಾಗಿನದ್ದು ದುಂಡಗೆ ಕತ್ತರಿಸಿದ ಎಲೆ ಹಿಡಿದುಕೊಂಡು ಬಂದು ಒಳಗೆ ಹೋಗುತ್ತದೆ. ಇನ್ನೊಂದು ಕಪ್ಪಗೆ ತೆಳ್ಳಗಿನದ್ದು, ಮಣ್ಣು ತರುತ್ತದೆ. ಜೇಡ ಹಿಡಿದು ತಂದದ್ದನ್ನೂ ನೋಡಿದೆ. ಕಂಬ ಕೊರೆಯುವುದು ಇವೇ ಅಂತ ಮನೆಯವರು ಹೇಳುತ್ತಾರೆ, ಸಿಮೆಂಟು ಹಾಕಿ ಮುಚ್ಚಬೇಕಂತೆ. ಮುಚ್ಚಲಾ ಅಕ್ಕ/ಅಣ್ಣ, ಯಾರು ಉತ್ತರ ಬರೆಯುತ್ತೀರೋ ಗೊತ್ತಿಲ್ಲ.
– ಮುಳ್ಳೇರಿಯದ ಗೃಹಿಣಿ

ಉತ್ತರ: ಅಣ್ಣ ಅಂತಲೇ ಕರೆಯಿರಿ ಅಕ್ಕ. ಮುಚ್ಚಬೇಡಿ. ನೀವು ಕಂಡವರಲ್ಲಿ ಯಾರೂ ಕಂಬ ಕೊರೆದವರಲ್ಲ, ಕೊರೆಯಲು ಅವರಿಂದ ಆಗುವುದೂ ಇಲ್ಲ. ಕೊರೆದದ್ದು ಉದ್ದ ಮೀಸೆಯ ದುಂಬಿಯೋ ಕುಟ್ಟೆಯೋ ಇರಬೇಕು, ಬಿಟ್ಟುಹೋದ ಮನೆಗೆ ಇವರು ಬಂದು ಸೇರಿದ್ದಾರೆ.

ಎಲೆ ತರುವುದು ಎಲೆ ಕತ್ತರಿಸುವ ಜೇನು, ಮೆಗಾಕೈಲಿ ಅನ್ನುವ ಕುಲ. ಇದಕ್ಕೆ ಹುಟ್ಟಿ ಇಲ್ಲ, ರಾಣಿ ಇಲ್ಲ, ಕೆಲಸಗಾರರೂ ಇಲ್ಲ. ಒಂದೊಂದು ಹೆಣ್ಣೂ ತನ್ನ ಸಂಸಾರ ತಾನೇ ನೋಡಿಕೊಳ್ಳುತ್ತದೆ. ಗುಲಾಬಿ, ಮಂದಾರದಂಥ ಗಿಡದ ಎಲೆಯ ಅಂಚಿನಲ್ಲಿ ಕತ್ತರಿಯಲ್ಲಿ ತೆಗೆದ ಹಾಗೆ ದುಂಡಗಿನ ಕಚ್ಚು ಕಂಡರೆ ಅದು ಇದರದ್ದೇ ಕೆಲಸ, ಗಿಡಕ್ಕೆ ಅದರಿಂದ ಏನೂ ಆಗುವುದಿಲ್ಲ. ಉದ್ದುದ್ದ ತುಂಡುಗಳನ್ನು ತೂತಿನ ಒಳಗೋಡೆಗೆ ಸುತ್ತಿ ಒಂದು ಲೋಟ ಮಾಡುತ್ತದೆ. ಅದರಲ್ಲಿ ಹೂವಿನ ಪರಾಗ ಮತ್ತು ಮಕರಂದ ಕಲಸಿದ ಉಂಡೆ ಇಟ್ಟು, ಮೇಲೆ ಒಂದು ಮೊಟ್ಟೆ ಇಟ್ಟು, ದುಂಡಗಿನ ತುಂಡುಗಳಿಂದ ಮುಚ್ಚಳ ಹಾಕುತ್ತದೆ. ಅದರ ಎದುರಿಗೇ ಮುಂದಿನ ಲೋಟ. ಹೀಗೆ ಬಾಗಿಲ ತನಕ.

ನನಗೆ ಎಷ್ಟು ಓದಿದರೂ ಸಾಕಾಗದ ವಿಷಯ ಇನ್ನೊಂದಿದೆ. ಒಳಗಿನ ಕೋಣೆಗಳಲ್ಲಿ ಹೆಣ್ಣು, ಬಾಗಿಲ ಹತ್ತಿರದ ಕೋಣೆಗಳಲ್ಲಿ ಗಂಡು. ಜೇನು, ಕಣಜ, ಇರುವೆಗಳಲ್ಲಿ ಗಂಡಿನ ಜೊತೆ ಸೇರಿದ ಮೇಲೆ ಬೀಜವನ್ನು ತಾಯಿ ಹೊಟ್ಟೆಯಲ್ಲೇ ಉಳಿಸಿಕೊಳ್ಳುತ್ತದೆ. ಅದನ್ನು ತಾಗಿಸಿ ಇಟ್ಟ ಮೊಟ್ಟೆ ಹೆಣ್ಣಾಗುತ್ತದೆ, ತಾಗಿಸದೆ ಇಟ್ಟದ್ದು ಗಂಡಾಗುತ್ತದೆ. ಗಂಡುಗಳು ಬೇಗ ಬೆಳೆದು ಮೊದಲು ಹೊರಗೆ ಬರುತ್ತವೆ, ಬಾಗಿಲ ಹತ್ತಿರ ಇರುವುದರಿಂದ ಹಿಂದಿನವರಿಗೆ ಅಡ್ಡಿಯಾಗುವುದಿಲ್ಲ. ತೂತು ಕಿರಿದಾಗಿದ್ದರೆ ತಾಯಿ ಗಂಡುಗಳನ್ನೇ ಜಾಸ್ತಿ ಇಡುತ್ತದೆ, ಯಾಕೆಂದರೆ ಹೆಣ್ಣಿಗೆ ಜಾಗವೂ ಊಟವೂ ಹೆಚ್ಚು ಬೇಕು. ಅಂದರೆ ಯಾವುದೋ ದುಂಬಿ ಯಾವ ಕಾಲದಲ್ಲೋ ಎಷ್ಟು ಅಗಲಕ್ಕೆ ಕೊರೆಯಿತು ಅನ್ನುವುದರ ಮೇಲೆ ನಿಮ್ಮ ಹಟ್ಟಿಯ ಜೇನುಗಳಲ್ಲಿ ಈ ವರ್ಷ ಹೆಣ್ಣೆಷ್ಟು ಗಂಡೆಷ್ಟು ಅನ್ನುವುದು ನಿಂತಿರುತ್ತದೆ.

ಮಣ್ಣು ತರುವ ಕಪ್ಪು ತೆಳ್ಳಗಿನದ್ದು ಟ್ರೈಪಾಕ್ಸಿಲಾನ್ ಅನ್ನುವ ಕಣಜ. ಇದು ಜೇಡಗಳನ್ನು ಚುಚ್ಚಿ ಅಲುಗಾಡದ ಹಾಗೆ ಮಾಡಿ ಹೊತ್ತು ತರುತ್ತದೆ. ಕೊಲ್ಲುವುದಿಲ್ಲ, ಕೊಂದರೆ ಕೊಳೆಯುತ್ತದಲ್ಲ. ಒಂದು ಕೋಣೆಗೆ ಹಲವು ಜೇಡ ತುಂಬಿ, ಮೊಟ್ಟೆ ಇಟ್ಟು, ಮಣ್ಣಿನ ಗೋಡೆ ಕಟ್ಟುತ್ತದೆ. ಕೊನೆಯ ಗೋಡೆಗೂ ಬಾಗಿಲಿಗೂ ನಡುವೆ ಎಷ್ಟೋ ಸಲ ಒಂದು ಖಾಲಿ ಕೋಣೆ ಬಿಡುತ್ತದೆ. ಜೇಡದ ಬದಲು ಹಸುರು ಮರಿಹುಳು ತರುವವರಿದ್ದರೆ ಅವು ಮಡಕೆ ಕಣಜದ ಬಳಗ. ನಿಮ್ಮ ತರಕಾರಿ ಗಿಡದ ಎಲೆ ತಿನ್ನುವ ಹುಳುಗಳೇ ಅವುಗಳ ಮಕ್ಕಳ ಊಟ. ತೂತಿನ ಬಾಯಲ್ಲಿ ಒಣ ಹುಲ್ಲಿನ ಎಳೆಗಳು ನೇತಾಡುತ್ತಿದ್ದರೆ ಅದು ಹುಲ್ಲು ಹೊರುವ ಕಣಜ, ಮಿಡತೆಯ ಸಂಬಂಧಿಕರನ್ನು ಹಿಡಿಯುವುದು. ಮರದ ಅಂಟಿನಿಂದ ಬಾಗಿಲು ಮುಚ್ಚಿದ್ದರೆ ಅಂಟು ಜೇನು.

ಇಷ್ಟು ಜನ ಇದ್ದಲ್ಲಿ ಕಳ್ಳರೂ ಇರುತ್ತಾರೆ. ಹಸುರು ನೀಲಿ ಲೋಹದ ಹೊಳಪಿನ ಒಂದು ಸಣ್ಣ ಕಣಜ ಕಂಬದ ಮೇಲೆ ಸುಮ್ನೆ ಓಡಾಡುತ್ತಾ ಇರುವುದನ್ನು ನೋಡಬಹುದು. ಮನೆಯೊಡತಿ ಹೊರಗೆ ಹೋದ ಹೊತ್ತು ನೋಡಿ ನುಗ್ಗಿ ತನ್ನ ಮೊಟ್ಟೆ ಇಟ್ಟು ಬರುತ್ತದೆ. ಸಿಕ್ಕಿಬಿದ್ದರೆ ಗಟ್ಟಿ ಮೈಯನ್ನು ಉಂಡೆ ಮಾಡಿ ಮುದುಡಿಕೊಳ್ಳುತ್ತದೆ, ಚುಚ್ಚಲು ಜಾಗವೇ ಸಿಗುವುದಿಲ್ಲ. ಲ್ಯೂಕೋಸ್ಪಿಸ್ ಅನ್ನುವ ಮತ್ತೊಂದು, ಬೆನ್ನ ಮೇಲೆ ಮಡಚಿಟ್ಟ ಸೂಜಿಯಿಂದ ಹೊರಗಿನಿಂದಲೇ ಚುಚ್ಚಿ ಒಳಗಿನ ಜೇನುಮರಿಯ ಹತ್ತಿರ ಮೊಟ್ಟೆ ಇಳಿಸುತ್ತದೆ.

ಒಂದೇ ಎಚ್ಚರಿಕೆ. ತೂತಿಗೆ ಬೆರಳು ಹಾಕಬೇಡಿ, ಮಕ್ಕಳಿಗೂ ಹೇಳಿ. ತಲೆ, ಹೊಟ್ಟೆ ಕಪ್ಪು, ನಡು ಕೆಂಪು ಇರುವ ತೆಳ್ಳಗಿನ ಉದ್ದ ಇರುವೆ ಇಂಥ ಒಣಮರದಲ್ಲೇ ಗೂಡು ಮಾಡುತ್ತದೆ, ಅದರ ಚುಚ್ಚು ತುಂಬಾ ನೋವು, ಕೆಲವರಿಗೆ ಮೈಯೆಲ್ಲ ಊದಿಕೊಂಡು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಜೇನು, ಕಣಜಗಳು ಹಾಗಲ್ಲ. ಒಂಟಿ ಬದುಕಿನವು, ಕೈಯಲ್ಲಿ ಹಿಡಿದು ಒತ್ತಿದರೆ ಮಾತ್ರ ಚುಚ್ಚುತ್ತವೆ.

ಕಂಬದ ಗಟ್ಟಿತನದ ಬಗ್ಗೆ ಮನೆಯವರಿಗೆ ಚಿಂತೆ ಇದ್ದರೆ ಅದು ನ್ಯಾಯವೇ. ಕತ್ತಿಯ ಹಿಂಬದಿಯಿಂದ ಬಡಿದು ನೋಡಿ. ಟಣ್ ಅಂದರೆ ಚೇಗು ಗಟ್ಟಿ ಇದೆ. ಟೊಳ್ಳು ಸದ್ದು ಬಂದರೆ ಕಂಬ ಬದಲಿಸಿ, ಆದರೆ ಹಳೆಯದನ್ನು ಒಲೆಗೆ ಹಾಕದೆ ಮಳೆ ಬೀಳದ ಕಡೆ ಒಂದು ಮೂಲೆಯಲ್ಲಿ ನಿಲ್ಲಿಸಿಡಿ.

ಪ್ರಶ್ನೆ: ಜಗಲಿಯ ಅಡ್ಡ ತೊಲೆಗೆ ದೊಡ್ಡ ಕರಿ ದುಂಬಿ ಬಂದು ಕೊರೆಯುತ್ತದೆ, ಮರದ ಹುಡಿ ತಲೆ ಮೇಲೆ ಬೀಳುತ್ತದೆ. ಕಚ್ಚುತ್ತದಾ?
– ಮಂಜೇಶ್ವರ

ಉತ್ತರ: ಇದು ಮಾತ್ರ ನಿಜವಾಗಿ ಕೊರೆಯುವುದೇ. ಬಡಗಿ ಜೇನು. ಮರವನ್ನು ತಿನ್ನುವುದಿಲ್ಲ, ಗೂಡಿಗೆ ಜಾಗ ಮಾಡಲು ಕೊರೆದು ಹುಡಿಯನ್ನು ಹೊರಗೆ ಹಾಕುತ್ತದೆ ಅಷ್ಟೆ. ಬೆರಳು ಹೋಗುವಷ್ಟು ದುಂಡಗಿನ ತೂತು, ರವೆಗಿಂತ ದಪ್ಪದ ಹುಡಿ ಇದರ ಗುರುತು. ಮುಖದ ಎದುರಿಗೆ ಬಂದು ಗುಂಯ್‌ಗುಟ್ಟುತ್ತಾ ಹೆದರಿಸುವುದು ಸಾಮಾನ್ಯವಾಗಿ ಗಂಡು, ಅದಕ್ಕೆ ಮುಳ್ಳೇ ಇಲ್ಲ. ಹೆಣ್ಣಿಗಿದೆ, ಹಿಡಿದರೆ ಮಾತ್ರ ಚುಚ್ಚುತ್ತದೆ.

ಓಡಿಸುವ ಮೊದಲು ಒಮ್ಮೆ ತೋಟ ನೋಡಿ. ಪ್ಯಾಶನ್ ಫ್ರೂಟಿನ ಬಳ್ಳಿ ಇದ್ದರೆ ಅದರಲ್ಲಿ ಕಾಯಿ ಕಟ್ಟಬೇಕಾದರೆ ಇವೇ ಬರಬೇಕು, ಸಣ್ಣ ಜೇನಿನ ಬೆನ್ನು ಆ ಹೂವಿನ ಎತ್ತರಕ್ಕೆ ಮುಟ್ಟುವುದಿಲ್ಲ. ಬದನೆ ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳಿಂದ ನಡುಗಿಸಿ ಪರಾಗ ಉದುರಿಸುವುದೂ ಇವಕ್ಕೆ ಗೊತ್ತು, ಪೆಟ್ಟಿಗೆಯ ಜೇನಿಗೆ ಅದು ಬರುವುದಿಲ್ಲ. ಆ ತೊಲೆಗೆ ಪೇಂಟ್ ಹೊಡೆಯಿರಿ, ಹೊಸ ತೂತು ಕಡಿಮೆಯಾಗುತ್ತದೆ. ಜೊತೆಗೆ ಒಂದು ಬದಿ ಗಂಟು ಇರುವ ಒಣ ಬಿದಿರಿನ ತುಂಡುಗಳನ್ನು ಮಾಡಿನ ಕೆಳಗೆ ಅಡ್ಡಲಾಗಿ ಕಟ್ಟಿಡಿ. ಅಲ್ಲಿಗೆ ಹೋಗುತ್ತವೆ.

ಪ್ರಶ್ನೆ: ಗೇರು ಮರದ ಬುಡದಲ್ಲಿ ಅಂಟು ಸೋರುತ್ತಿದೆ, ಅದರ ಜೊತೆ ಮರದ ಹುಡಿಯೂ ಇದೆ. ಎಲೆ ಹಳದಿಯಾಗುತ್ತಿದೆ. ಯಾವ ಔಷಧಿ ಹೊಡೆಯಬೇಕು?
– ಎಣ್ಮಕಜೆಯ ಕೃಷಿಕರು

ಉತ್ತರ: ಇಲ್ಲಿ ಮಾತ್ರ ಕಾಯಬೇಡಿ, ಈ ವಾರವೇ ಕೆಲಸ ಶುರು ಮಾಡಿ. ಇದು ಗೇರಿನ ಕಾಂಡ ಮತ್ತು ಬೇರು ಕೊರಕ. ಕಂದು ಬಣ್ಣದ, ಉದ್ದ ಮೀಸೆಯ ದುಂಬಿ. ಬುಡದ ತೊಗಟೆಯ ಬಿರುಕಲ್ಲಿ, ಮಣ್ಣಿನಿಂದ ಮೇಲೆದ್ದ ಬೇರಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ತೊಗಟೆಯ ಅಡಿಯಲ್ಲಿ ಅಡ್ಡಾದಿಡ್ಡಿ ತಿಂದು ಮರಕ್ಕೆ ಆಹಾರ ಹೋಗುವ ದಾರಿಯನ್ನೇ ಕಡಿಯುತ್ತದೆ.

ಔಷಧಿಯ ಹೆಸರು ಕೇಳಿದಿರಿ. ನಾನು ಮೊದಲು ಉಳಿಯ ಹೆಸರು ಹೇಳುತ್ತೇನೆ. ಅಂಟು ಬಂದ ಜಾಗದ ತೊಗಟೆಯನ್ನು ಉಳಿಯಿಂದ ಕೆತ್ತಿ ತೆಗೆಯಿರಿ, ಸುರಂಗ ಹೋದ ದಾರಿಯನ್ನೇ ಹಿಡಿದು ಹೋಗಿ, ತುದಿಯಲ್ಲಿ ದಪ್ಪ ಬಿಳಿ ಹುಳು ಸಿಗುತ್ತದೆ. ಸಿಗದಷ್ಟು ಒಳಗಿದ್ದರೆ ಕೊಕ್ಕೆ ಮಾಡಿದ ತಂತಿ ಹಾಕಿ ಎಳೆಯಿರಿ. ಒಂದು ಮರದಲ್ಲಿ ಒಂದೇ ಇರುತ್ತದೆ ಅಂತ ನಿಲ್ಲಿಸಬೇಡಿ. ಕೆತ್ತಿದ ಜಾಗಕ್ಕೂ ಬುಡಕ್ಕೂ 5 ಶೇಕಡಾ ಬೇವಿನ ಎಣ್ಣೆ ಬಳಿದು, ಮೇಲೆದ್ದ ಬೇರಿಗೆ ಮಣ್ಣು ಕೊಡಿ. ಆಮೇಲೆ ತಿಂಗಳಿಗೊಮ್ಮೆ ಎಲ್ಲ ಮರಗಳ ಬುಡ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಸಣ್ಣ ಹುಳು ಇರುವಾಗಲೇ ಸಿಕ್ಕಿದರೆ ಮರವನ್ನು ಉಳಿಸಬಹುದು. ಬುಡದ ಸುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ತೊಗಟೆ ಹೋಗಿದ್ದು ಎಲೆಯೂ ಪೂರ್ತಿ ಹಳದಿಯಾಗಿದ್ದರೆ ಆ ಮರ ಉಳಿಯುವುದಿಲ್ಲ, ಬೇರು ಸಮೇತ ತೆಗೆದು ತೋಟದಿಂದ ಹೊರಗೆ ಸಾಗಿಸಿ. ಮೇಲೆ ಹಟ್ಟಿಯ ಕಂಬವನ್ನು ಇಟ್ಟುಕೊಳ್ಳಿ ಅಂದೆನಲ್ಲ, ಅದು ಗೇರಿಗೆ ಹೊಂದುವುದಿಲ್ಲ. ಸತ್ತ ಗೇರು ಮರ ತೋಟದಲ್ಲಿ ನಿಂತರೆ ಅದರಿಂದಲೇ ಹೊಸ ದುಂಬಿಗಳು ಹೊರಟು ಪಕ್ಕದ ಮರ ಸೇರುತ್ತವೆ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರ ನಿಮಗೆ ದೂರ ಅಲ್ಲ. ತೊಗಟೆಯ ಒಂದು ತುಂಡು ಹಿಡಿದುಕೊಂಡು ಹೋದರೆ ನೋಡಿ ಹೇಳುತ್ತಾರೆ.

ಔಷಧಿ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನಿಮ್ಮ ಊರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಈ ಕೊರಕಕ್ಕೂ ಅಲ್ಲ, ಚಿಗುರಿನ ರಸ ಹೀರುವ ಟೀ ಸೊಳ್ಳೆಗೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳ ಬದುಕೇ ಹೋಗಿತ್ತು. ಮೇಲಿನಿಂದ ಬೀಳುವ ವಿಷ ತೊಗಟೆಯ ಅಡಿಯ ಹುಳುವನ್ನು ಮುಟ್ಟುವುದೂ ಇಲ್ಲ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಮರ ಅಷ್ಟು ಗಟ್ಟಿ ಇರುತ್ತದೆ, ಹುಳು ಅದನ್ನು ಹೇಗೆ ಜೀರ್ಣ ಮಾಡಿಕೊಳ್ಳುತ್ತದೆ?
– ನೀರ್ಚಾಲು

ಉತ್ತರ: ಒಳ್ಳೆ ಪ್ರಶ್ನೆ ಮಗು. ಎಲ್ಲ ಹುಳುಗಳೂ ಒಂದೇ ಥರ ಮಾಡುವುದಿಲ್ಲ. ಲಿಕ್ಟಸ್‌ಗೆ ಮರದ ಸೆಲ್ಯುಲೋಸ್ ಜೀರ್ಣವೇ ಆಗುವುದಿಲ್ಲ. ಅದು ಮರವನ್ನು ಅಗಿದು ಪಿಷ್ಟ, ಸಕ್ಕರೆ, ಸ್ವಲ್ಪ ಪ್ರೋಟೀನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಹುಡಿಯಾಗಿ ಹೊರಗೆ ಬಿಡುತ್ತದೆ. ಅದಕ್ಕೇ ಅಷ್ಟೊಂದು ಹುಡಿ. ಉದ್ದ ಮೀಸೆಯ ದುಂಬಿಗಳಲ್ಲಿ ಹಲವಕ್ಕೆ ಸೆಲ್ಯುಲೋಸನ್ನೇ ಒಡೆಯುವ ಶಕ್ತಿ ಇದೆ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೂ ಸಹಾಯ ಮಾಡುತ್ತವೆ.

ಮೂರನೆಯವರು ಮರವನ್ನು ತಿನ್ನುವುದೇ ಇಲ್ಲ. ಹೊಸದಾಗಿ ಕಡಿದು ಹಾಕಿದ ರಬ್ಬರ್ ದಿಮ್ಮಿಯಲ್ಲಿ ಗುಂಡುಸೂಜಿಯ ದಪ್ಪದ ತೂತು, ಸುತ್ತ ಕಪ್ಪು ಕಲೆ ನೋಡಿದ್ದೀಯಾ? ಅದು ಆಂಬ್ರೋಸಿಯಾ ದುಂಬಿಯ ತೂತು. ಹೆಣ್ಣು ದುಂಬಿಯ ಮೈಯಲ್ಲಿ ಒಂದು ಪುಟ್ಟ ಚೀಲ ಇರುತ್ತದೆ, ಅದರಲ್ಲಿ ಒಂದು ಜಾತಿಯ ಶಿಲೀಂಧ್ರದ ಬೀಜ. ಸುರಂಗ ಕೊರೆದು ಗೋಡೆಗೆ ಅದನ್ನು ಬಿತ್ತುತ್ತದೆ. ಹಸಿ ಮರದ ತೇವದಲ್ಲಿ ಅದು ಬೆಳೆಯುತ್ತದೆ, ತಾಯಿ ಮಕ್ಕಳು ಎಲ್ಲ ಅದನ್ನೇ ತಿನ್ನುತ್ತಾರೆ. ತಾಯಿ ಸುರಂಗವನ್ನು ಗುಡಿಸಿ ಹುಡಿಯನ್ನು ಹೊರಗೆ ತಳ್ಳುತ್ತದೆ, ಬೇಡದ ಬೂಷ್ಟು ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ. 1836ರಲ್ಲಿ ಶ್ಮಿಡ್‌ಬರ್ಗರ್ ಅನ್ನುವವರು ಸುರಂಗದ ಗೋಡೆಯ ಈ ಬಿಳಿ ಪದಾರ್ಥವನ್ನು ನೋಡಿ ಮರದ ರಸ ಹೆಪ್ಪುಗಟ್ಟಿದ್ದು ಅಂದುಕೊಂಡು ಆಂಬ್ರೋಸಿಯಾ ಅಂತ ಹೆಸರಿಟ್ಟರು. 1844ರಲ್ಲಿ ಹಾರ್ಟಿಗ್ ಅನ್ನುವ ಜರ್ಮನ್ ವಿಜ್ಞಾನಿ ಅದು ಶಿಲೀಂಧ್ರ ಅಂತ ಕಂಡುಹಿಡಿದರು. ಮನುಷ್ಯರು ಭತ್ತ ಬಿತ್ತುವುದಕ್ಕಿಂತ ಕೋಟಿಗಟ್ಟಲೆ ವರ್ಷ ಮೊದಲೇ ಈ ದುಂಬಿಗಳು ಬೇಸಾಯ ಮಾಡುತ್ತಿದ್ದವು. ಮರ ಒಣಗಿದರೆ ಬೆಳೆ ಒಣಗುತ್ತದೆ, ದುಂಬಿ ಬಿಟ್ಟು ಹೋಗುತ್ತದೆ. ಹಾಗಾಗಿ ಒಣಮರದ ಮೇಜಿನಲ್ಲಿ ಇಂಥ ಕಪ್ಪು ಕಲೆಯ ತೂತು ಕಂಡರೆ ಚಿಂತೆ ಇಲ್ಲ. ಕೊಡಗಿನಲ್ಲಿ ನೆಂಟರಿದ್ದರೆ ಕೇಳು, ರೋಬಸ್ಟಾ ಕಾಫಿಯ ಎಳೆ ರೆಂಬೆ ಒಣಗಿಸುವ ಸಣ್ಣ ಕರಿ ದುಂಬಿಯೂ ಇದೇ ಬಳಗದ್ದು.

ಪ್ರಶ್ನೆ: ರಾತ್ರಿ ಎಲ್ಲ ಮೌನ ಇರುವಾಗ ಬಾಗಿಲಿನ ಹೊಸ ದಾರಂದದ ಒಳಗಿಂದ ಕರಕರ ಸದ್ದು ಬರುತ್ತದೆ. ಏನಿದು?
– ಪೆರ್ಲ

ಉತ್ತರ: ದೊಡ್ಡ ಮರಿಹುಳು ಅಗಿಯುವ ಸದ್ದು. ಒಣಮರಕ್ಕೆ ಬರುವ ಉದ್ದ ಮೀಸೆಯ ದುಂಬಿಯೊಂದಿದೆ, ಸ್ಟ್ರೊಮೇಶಿಯಂ ಅಂತ, ಮರ ಮನೆ ಸೇರಿ ವರ್ಷಗಳಾದ ಮೇಲೂ ಹೊರಗೆ ಬರುತ್ತದೆ. ಸದ್ದು ಬರುವ ಜಾಗಕ್ಕೆ ಚಾಕಿನಿಂದ ಗುರುತು ಹಾಕಿ ಬಡಗಿಯನ್ನು ಕರೆಸಿ ಅಲ್ಲಿಗೇ ಕೊರೆಸಿ. ದಾರಂದಕ್ಕೆ ಬಿಳಿ ಮರ ಹಾಕಿದ್ದಾರಾ ಅಂತಲೂ ಆಗಲೇ ನೋಡಿಬಿಡಿ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಇಂಥ ಒಂಟಿ ಜೇನುಗಳಿಗೆ ಗೂಡು ಮಾಡಬೇಕು ಅನ್ನುತ್ತಿದ್ದಾರೆ. ಹೇಗೆ ಮಾಡುವುದು?
– ಮುಳ್ಳೇರಿಯ ಹತ್ತಿರದ ಶಿಕ್ಷಕಿ

ಉತ್ತರ: ಟೀಚರ್, ಖಂಡಿತ ಮಾಡಿಸಿ. ಮಾವೋ ಹಲಸೋ, ಚೆನ್ನಾಗಿ ಒಣಗಿದ ಗಟ್ಟಿ ಮರದ ದಿಮ್ಮಿ ಬೇಕು, ಪೇಂಟ್, ಔಷಧಿ ತಾಗಿರಬಾರದು. ರಬ್ಬರ್ ಮರ ಮಾತ್ರ ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ. 3 ಮಿಲಿಮೀಟರಿನಿಂದ 10 ಮಿಲಿಮೀಟರಿನ ತನಕ ಬೇರೆ ಬೇರೆ ಅಗಲದ ತೂತು ಕೊರೆಸಿ. ಆಳ 10ರಿಂದ 15 ಸೆಂಟಿಮೀಟರ್ ಇರಲಿ, ಹಿಂಬದಿ ತೆರೆದಿರಬಾರದು. ತೂತಿನ ಬಾಯಲ್ಲಿ ಎದ್ದ ಸಿಬುರುಗಳನ್ನು ಉಜ್ಜಿ ನುಣುಪು ಮಾಡಿ, ರೆಕ್ಕೆ ಹರಿಯುತ್ತದೆ. ಡ್ರಿಲ್ ಕೆಲಸ ದೊಡ್ಡವರು ಮಾಡಲಿ, ಉಜ್ಜುವುದು ಮಕ್ಕಳಿಗೆ.

ಜಾಗದ ವಿಷಯ ಮುಖ್ಯ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು, ತೇವ ಹಿಡಿದರೆ ಪರಾಗದ ಉಂಡೆಗೆ ಬೂಷ್ಟು ಬಂದು ಮರಿಗಳೆಲ್ಲ ಸಾಯುತ್ತವೆ. ಓಡಿನ ಮಾಡು ಚೆನ್ನಾಗಿ ಹೊರಗೆ ಚಾಚಿದ ಕಡೆ, ಬೆಳಗಿನ ಬಿಸಿಲು ಬೀಳುವ ಹಾಗೆ ಪೂರ್ವಕ್ಕೆ ಮುಖ ಮಾಡಿ, ಗಾಳಿಗೆ ಅಲುಗಾಡದಂತೆ ಕಟ್ಟಿ. ಕಟ್ಟಿದ ತಂತಿಗೆ ಗ್ರೀಸ್ ಹಚ್ಚಿದರೆ ಇರುವೆ ಇಳಿಯುವುದಿಲ್ಲ. ಮಳೆ ನಿಂತ ಮೇಲೆ, ಶಾಲೆಯ ತೋಟದಲ್ಲಿ ಹೂವು ಇರುವಾಗ ಕಟ್ಟಿದರೆ ಒಳ್ಳೆಯದು. ಯಾವ ಅಗಲದ ತೂತಿಗೆ ಯಾರು ಬಂದರು, ಎಲೆ ಇಟ್ಟರಾ ಮಣ್ಣು ಇಟ್ಟರಾ ಅಂಟು ಇಟ್ಟರಾ ಅಂತ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಒಂದೇ ದಿಮ್ಮಿಯನ್ನು ವರ್ಷಗಟ್ಟಲೆ ಇಟ್ಟರೆ ಕಳ್ಳ ಕಣಜಗಳು ಮತ್ತು ನುಸಿ ಹೆಚ್ಚುತ್ತವೆ. ಎರಡು ವರ್ಷಕ್ಕೊಮ್ಮೆ ಹೊಸ ದಿಮ್ಮಿ ಕಟ್ಟಿ, ಹಳೆಯದರಲ್ಲಿ ಮುಚ್ಚಿದ ಬಾಗಿಲುಗಳೆಲ್ಲ ತೆರೆದುಕೊಂಡ ಮೇಲೆ ಅದನ್ನು ಇಳಿಸಿ. ಆ ನೋಟ್‌ಬುಕ್ಕಿನ ಪ್ರತಿ ಒಂದನ್ನು ನನಗೆ ಕಳಿಸಿದರೆ ಮಕ್ಕಳು ಕಂಡದ್ದನ್ನು ಇದೇ ಪುಟದಲ್ಲಿ ಹಾಕುತ್ತೇನೆ.